ಮಾವ, ಅಳಿಯ ಮತ್ತು ಕಿವಿಯಣ್ಣ

ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಸುಳ್ಳು ಬರೆಯುವ ಮನಸ್ಸಿದ್ದಿದ್ದರೆ ಇದಕ್ಕಿಂತ ನಂಬುವಂಥದ್ದನ್ನೇ ಬರೆಯಬಹುದಿತ್ತು.

ಬೆಳಕು ಹರಿಯುವ ಹೊತ್ತು. ಆಟದ ಮೈದಾನದ ಮೂಲೆಯ ತಗಡಿನ ಶೆಡ್ಡಿನಲ್ಲಿ ಒಬ್ಬರು ಮಂಡಿಯೂರಿ ಕೂತು, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿಕೊಂಡಿದ್ದಾರೆ. ಯಾರೋ ಮನೆಯ ಕಷ್ಟ ಹೇಳಿಕೊಳ್ಳುತ್ತಿರುವಂತೆ ಆಗಾಗ ‘ಹೂಂ’ ಅನ್ನುತ್ತಾರೆ. ಕೂತು ಓಡಿಸುವ, ಹುಲ್ಲು ಕತ್ತರಿಸುವ ಮಷೀನುಗಳ ಮೆಕ್ಯಾನಿಕ್ ಇವರು. ಮೈದಾನದವರಿಗೆಲ್ಲ ಕಿವಿಯಣ್ಣ. ಪಕ್ಕದ ಬೀದಿಯಲ್ಲಿ ಹೋಗುವ ಸ್ಕೂಟರಿನ ಕೆಮ್ಮು ಕೇಳಿ ಶೆಡ್ಡಿನೊಳಗಿಂದಲೇ ಔಷಧ ಕೂಗಿ ಹೇಳುತ್ತಾರೆ. ಸ್ಕೂಟರು ಅಷ್ಟಕ್ಕೇ ಅರ್ಧ ಗುಣವಾಗುತ್ತದೆ.

ಶೆಡ್ಡಿನಲ್ಲಿರುವುದು ಎರಡು ಮಷೀನು. ಹಳೆಯದಕ್ಕೆ ಕಿವಿಯಣ್ಣ ಇಟ್ಟ ಹೆಸರು ಮಾವ, ಹೊಸದಕ್ಕೆ ಅಳಿಯ. ಈ ಹೆಸರುಗಳನ್ನು ಮನೆಯಲ್ಲಿ ಮಾತ್ರ ಬಾಯಿಬಿಟ್ಟಿಲ್ಲ. ಹೆಂಡತಿಯ ತಂದೆ ಎರಡು ಬೀದಿ ಆಚೆಗೇ ಇದ್ದಾರೆ.

ಎಂಜಿನ್ ಅಳೆಯುವ ಇವರ ದಾರಿ ಸರಳ. ಬಾನೆಟ್ಟಿನ ಮೇಲೆ ತುಂಬಿದ ಟೀ ಲೋಟ ಇಡುತ್ತಾರೆ. ಅಳಿಯನ ಮೇಲೆ ಟೀ ಅಲುಗುವುದಿಲ್ಲ. ಮಾವನ ಮೇಲಿಟ್ಟರೆ ಲೋಟ ನಡೆದುಕೊಂಡು ಹೋಗಿ ಕೆಳಗಿಳಿಯುತ್ತದೆ.

“ನೋಡೋಕೆ ಅಳಿಯನೇ ಚೆಂದ,” ಅನ್ನುತ್ತಾರೆ. “ಆದ್ರೆ ಅವನ ಸಿಲಿಂಡರ್ ಒಳಗೆ ಬರೀ ಅಲ್ಯೂಮಿನಿಯಂ. ಧೂಳು ಹೋಗಿ ಸವೀತು ಅಂದ್ರೆ ಎಂಜಿನ್ನೇ ಹೊಸದು ತರ್ಬೇಕು. ಮಾವನಿಗೆ ಒಳಗೆ ಕಬ್ಬಿಣದ ಕೊಳವೆ ಇದೆ. ಸವೆದ್ರೆ ಕೊರೆಸಿ ದೊಡ್ಡ ಪಿಸ್ಟನ್ ಹಾಕು, ಮತ್ತೆ ಹುಡುಗ.”

ಮೊದಲು ನೀರಿನ ಪಂಪು ರಿಪೇರಿ ಮಾಡಿಕೊಂಡಿದ್ದ ಕಿವಿಯಣ್ಣ ಇಲ್ಲಿಗೆ ಬಂದಾಗ ಕೈಗೆ ಸಿಕ್ಕಿದ್ದೇ ಮಾವ. ಬೆರಳು ಸುಡಿಸಿ, ಅಂಗಿ ಹಾಳು ಮಾಡಿ, ಕೆಲಸ ಕಲಿಸಿದ್ದೂ ಅವನೇ. ಆ ಮಾವನಿಗೆ ಇವತ್ತು ಗಂಡಾಂತರ. ಶೆಡ್ಡಿನ ಅರ್ಧ ಜಾಗ ಕುರ್ಚಿ ಇಡಲು ಬೇಕಾಗಿದೆ. ಎರಡೂ ಅರ್ಧರ್ಧ ಮೈದಾನದ ಹುಲ್ಲು ಕತ್ತರಿಸಲಿ, ನಡುವೆ ನಿಂತದ್ದು ಗುಜರಿಗೆ ಎಂದು ಮೈದಾನದ ಸಂಘದ ಕಾರ್ಯದರ್ಶಿ ತೀರ್ಮಾನಿಸಿದ್ದಾರೆ.

ಅಳಿಯನನ್ನು ಮೈದಾನದ ಮಾಲಿ ಓಡಿಸುತ್ತಾನೆ, ಮಾವನನ್ನು ಕಿವಿಯಣ್ಣ. ಅಳಿಯ ಶಿಳ್ಳೆ ಹಾಕಿಕೊಂಡು ಹೊರಡುತ್ತಾನೆ. ಮಾವ ಬಿಟ್ಟ ಹೊಗೆಗೆ ಎರಡು ಕಾಗೆಗಳು ಸಂಜೆಯಾಯಿತೆಂದು ಗೂಡಿಗೆ ಮರಳುತ್ತವೆ. ಗೋಲಿನ ಕಂಬ ಇನ್ನೂ ದೂರವಿರುವಾಗ ಮಾವ ಎರಡು ಸಲ ಬಿಕ್ಕಿ ನಿಲ್ಲುತ್ತಾನೆ. ಎಷ್ಟು ಕೀಲಿ ತಿರುಗಿಸಿದರೂ ಮಾತಿಲ್ಲ. ಕಾರ್ಯದರ್ಶಿ ಟೀ ಮುಗಿಯುವವರೆಗೆ ಗಡುವು ಕೊಡುತ್ತಾರೆ.

ಪ್ಲಗ್ ಹೋಗಿರಬೇಕೆಂದು, ಮನೆಯಲ್ಲಿಟ್ಟ ಹೊಸದನ್ನು ತರಿಸಲು ಕಿವಿಯಣ್ಣ ಗಡಿಬಿಡಿಯಲ್ಲಿ ಹೆಂಡತಿಗೆ ಫೋನು ಹಚ್ಚುತ್ತಾರೆ. “ಲೇ, ಮಾವ ಹೋದ ಕಣೇ. ಎರಡು ಸಲ ಬಿಕ್ಕಿದ, ಅಷ್ಟೇ. ಕಪಾಟಲ್ಲಿ...” ಎನ್ನುವಷ್ಟರಲ್ಲಿ ಫೋನಿನ ಚಾರ್ಜು ಮುಗಿಯುತ್ತದೆ.

ಆಮೇಲೆ ನಡೆದದ್ದಕ್ಕೆ ಇಡೀ ಮೈದಾನವೇ ಸಾಕ್ಷಿ. ಹೆಂಡತಿ ಅಳುತ್ತಾ ಗೇಟು ದಾಟುತ್ತಾರೆ, ಹಿಂದೆ ನಾದಿನಿ, ಅವಳ ಹಿಂದೆ ಬೀದಿಯ ಅರ್ಧ ಜನ. ಎಲ್ಲರಿಗಿಂತ ಹಿಂದೆ, ಅರ್ಧ ಗಡ್ಡ ಬೋಳಿಸಿಕೊಂಡು, ಹೆಗಲ ಮೇಲೆ ಟವೆಲು ಹಾಕಿಕೊಂಡು, ತಮ್ಮದೇ ಸುದ್ದಿ ವಿಚಾರಿಸಲು ನಿಜವಾದ ಮಾವ ಬರುತ್ತಾರೆ.

ಕಿವಿಯಣ್ಣ ಮಷೀನು ತೋರಿಸಿ ವಿವರಿಸುತ್ತಾರೆ. ಹೆಂಡತಿಯ ಅಳು ನಿಲ್ಲುತ್ತದೆ; ಅದರ ಜಾಗಕ್ಕೆ ಬಂದ ನೋಟಕ್ಕಿಂತ ಅಳುವೇ ವಾಸಿಯಿತ್ತು. “ಹೆಸ್ರು ಇಡೋಕೆ ಇವ್ರಪ್ಪ ಸಿಗ್ಲಿಲ್ವಂತಾ?” ಎಂದು ಆಕೆ ತಂಗಿಯನ್ನು ಕೇಳುತ್ತಾರೆ.

ಮಾವನವರು ಮಾತ್ರ ಮಷೀನನ್ನು ಒಂದು ಸುತ್ತು ಹಾಕುತ್ತಾರೆ. “ನನ್ನ ಹೆಸ್ರಿಟ್ಟು ಉಪವಾಸ ಕೆಡವಿದೀರೇನೋ, ಅಳಿಯಂದ್ರೆ,” ಎನ್ನುತ್ತಾ ಪೆಟ್ರೋಲು ಇದೆಯೇ ನೋಡಲು ಟ್ಯಾಂಕಿನ ಮುಚ್ಚಳ ತಿರುಗಿಸುತ್ತಾರೆ. ‘ಉಸ್ಸ್’ ಎಂದು ಗಾಳಿ ಒಳಗೆ ನುಗ್ಗುತ್ತದೆ.

ಕಿವಿಯಣ್ಣನ ಕಿವಿ ನಿಮಿರುತ್ತದೆ. ಮುಚ್ಚಳದಲ್ಲಿ ಗಾಳಿಯಾಡಲು ಸೂಜಿಯಷ್ಟು ತೂತಿರುತ್ತದೆ. ಅದರಲ್ಲಿ ಹುಲ್ಲಿನ ಪುಡಿ ಕೂತಿದೆ. ಗಾಳಿ ಹೋಗದೆ ಪೆಟ್ರೋಲು ಇಳಿದಿಲ್ಲ, ಅಷ್ಟೇ. ನಾದಿನಿಯ ಸೆರಗಿನ ಪಿನ್ನು ಈಸಿಕೊಂಡು ಚುಚ್ಚಿ, ಕೀಲಿ ತಿರುಗಿಸುತ್ತಾರೆ. ಮಾವ ಗುಡುಗುತ್ತಾನೆ. ಕಾರ್ಯದರ್ಶಿಯ ಲೋಟದಲ್ಲಿ ಇನ್ನೂ ಒಂದು ಗುಟುಕು ಉಳಿದಿದೆ. ಪೂರ್ತಿ ಅರ್ಧ ಮೈದಾನ ಮುಗಿಸಿಯೇ ಮಾವ ಹಿಂತಿರುಗುತ್ತಾನೆ.

“ಎರಡೂ ಇರಲಿ. ಕುರ್ಚಿ ನನ್ನ ರೂಮಲ್ಲೇ ಇಡ್ತೀನಿ,” ಎನ್ನುತ್ತಾರೆ ಕಾರ್ಯದರ್ಶಿ. ಮಾವನವರು ಬಾನೆಟ್ಟು ತಟ್ಟಿ, ಉಳಿದರ್ಧ ಗಡ್ಡ ಸವರಿಕೊಂಡು, ಶೆಡ್ಡಿನ ಕಟ್ಟೆಯ ಮೇಲೆ ಕೂರುತ್ತಾರೆ. ಗೆದ್ದದ್ದು ಯಾರು ಎಂಬ ಬಗ್ಗೆ ಅವರಿಗೆ ಅನುಮಾನವಿಲ್ಲ.

ಕಿವಿಯಣ್ಣ ಕೈ ಒರೆಸಿಕೊಳ್ಳುತ್ತಾ ಅವರ ಪಕ್ಕ ಕೂತು ಮನಸ್ಸು ಬಿಚ್ಚುತ್ತಾರೆ. “ನಂಗೆ ದೊಡ್ಡ ಆಸೆ ಏನಿಲ್ಲ ಮಾವ. ನಾನು ಈ ಕೆಲ್ಸ ಬಿಡೋವರೆಗೂ ಅವನು ಹೀಗೇ ಇರ್ಬೇಕು. ಹೊಗೆ ಬಿಡ್ಲಿ, ಲೀಟರ್‌ಗಟ್ಲೆ ಕುಡೀಲಿ, ಬೆಳಿಗ್ಗೆ ಒದ್ದು ಎಬ್ಬಿಸ್ಬೇಕಾದ್ರೂ ಸರಿ. ವರ್ಷಕ್ಕೊಂದ್ಸಲ ತಲೆ ಬಿಚ್ಚಿ, ಒಳಗಿರೋ ಕಸ ಎಲ್ಲ ಕೆರೆದು...”

ಮಾವನವರು ಎದ್ದು, ಚಪ್ಪಲಿ ಮೆಟ್ಟಿ, ಗೇಟಿನ ಕಡೆ ನಡೆಯುತ್ತಾರೆ.