ಸಿಟ್ಟಿದ್ದಾಗ ಗಾಜು ಮುಟ್ಟದವನು

ನನ್ನ ಸೋದರಮಾವನಿಗೆ ಗಾಜು ಕತ್ತರಿಸುವ ಕೆಲಸ. ಸಿಟ್ಟು ಸದಾ ಮೂಗಿನ ತುದಿಯಲ್ಲೇ. ಸಿಟ್ಟಿನಲ್ಲಿ ಕೈ ನಡುಗಿದರೆ ಗೀರು ಸೊಟ್ಟಗಾಗಿ ಗಾಜು ಒಡೆಯುತ್ತದೆ. ಅದಕ್ಕೇ ಅವನು ತನಗೆ ತಾನೇ ಒಂದು ಕಟ್ಟುಪಾಡು ಹಾಕಿಕೊಂಡಿದ್ದ. ಕಣ್ಣು ಮುಚ್ಚಿ ದೇವರನ್ನು ನೆನೆಯದೆ ಗಾಜು ಮುಟ್ಟುವುದಿಲ್ಲ. ಸಿಟ್ಟು ಬಂದಿದ್ದರೆ ಅದು ಇಳಿಯುವವರೆಗೂ ಅಂಗಡಿ ಗುಡಿಸುವುದು. ನೆಲ ಫಳಫಳ ಹೊಳೆಯುತ್ತಿದ್ದರೆ ಅತ್ತೆಯ ಜೊತೆ ಜಗಳವಾಗಿದೆ ಎಂದೇ ಅರ್ಥ. "ನಮ್ಮ ಅಂಗಡಿಗೂ ಬಂದು ಸ್ವಲ್ಪ ಸಿಟ್ಟು ಮಾಡ್ಕೊಳಯ್ಯಾ" ಎಂದು ಎದುರಂಗಡಿಯ ದರ್ಜಿ ಕಿಚಾಯಿಸುತ್ತಿದ್ದ.

ಅತ್ತೆ ತೀರಿಕೊಂಡ ಮೇಲೆ, ಅವಳ ಫೋಟೊಗೆ ಗಾಜು ಹಾಕಲೆಂದು ಮಾವ ಅಂಗಡಿ ತೆರೆದ. ಬೆಳಗ್ಗೆಯಿಂದ ಕೈಯಲ್ಲಿ ಪೊರಕೆ ಮಾತ್ರ. ಕಸವೇ ಇಲ್ಲದ ನೆಲವನ್ನು ಗುಡಿಸುತ್ತಲೇ ಇದ್ದ.

"ಈಗ ಯಾರ ಮೇಲೆ ಸಿಟ್ಟು ಮಾವ?" ಎಂದು ಮೆಲ್ಲಗೆ ಕೇಳಿದೆ.

"ದೇವರ ಮೇಲೆ" ಎಂದ, ತಲೆಯೆತ್ತದೆ.

ನಾನೇ ಕತ್ತರಿಸುತ್ತೇನೆಂದರೂ ಬಿಡಲಿಲ್ಲ. ಹೊತ್ತು ಇಳಿಯುವಾಗ ಪೊರಕೆಯನ್ನು ಮೂಲೆಗಿಟ್ಟು ಕೈ ತೊಳೆದುಕೊಂಡ. ಗಾಜಿನ ಮುಂದೆ ನಿಂತು, ಕಣ್ಣು ಮುಚ್ಚಿ, ಅದೇ ದೇವರನ್ನು ನೆನೆದ. ಗೀರು ಕೂದಲೆಳೆಯಷ್ಟೂ ಸೊಟ್ಟಗಾಗಲಿಲ್ಲ.