ಖಂಡೇಪೂಜೆ ಮಾಡಿಸಿಕೊಂಡ ಲ್ಯಾಪ್‌ಟಾಪ್

ನಮ್ಮ ಮನೆಯ ಹಳೇ ಲ್ಯಾಪ್‌ಟಾಪ್ ಯಾಕೆ ಕೆಟ್ಟಿತು? ನಾವಿರುವ ಡೊಂಬಿವಲಿಯಿಂದ ವಿಜಯಪುರದವರೆಗೆ ಹಬ್ಬಿರುವ ನಮ್ಮ ಬಂಧುಬಳಗದಲ್ಲಿ ಈ ಬಗ್ಗೆ ಒಂದೇ ಕಥೆ ಚಾಲ್ತಿಯಲ್ಲಿದೆ. ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ಇಟ್ಟ ವಸ್ತುವನ್ನು ಮರುದಿನದವರೆಗೆ ಬಳಸಬಾರದು. ನಾನು ಬಳಸಿದೆ. ಅದಕ್ಕೇ ಕೆಟ್ಟಿತು.

ಕಥೆ ಚೆನ್ನಾಗಿದೆ. ಆದರೆ ಅದೇ ಸಂಜೆ ಅಪ್ಪ, ಹ್ಯಾಂಡಲ್‌ಗೆ ಹಾರ ಹಾಕಿಸಿಕೊಂಡು ನಿಂತಿದ್ದ ಸ್ಕೂಟರ್ ಹತ್ತಿ ಪೇಢೆ ತರಲು ಹೋಗಿದ್ದರು. ಸ್ಕೂಟರ್ ಯಾಕೆ ಕೆಡಲಿಲ್ಲ? ಕುಂಕುಮ ಹಚ್ಚಿಸಿಕೊಂಡ ಮಿಕ್ಸರ್ ರಾತ್ರಿಯೇ ಚಟ್ನಿ ಅರೆಯಿತು. ಅದಕ್ಕೆ ಯಾಕೆ ಕ್ಷಮೆ? ದೇವರಿಗೆ ನನ್ನೊಬ್ಬಳ ಮೇಲೇ ಯಾಕೆ ಕಣ್ಣು?

(ಕಾಲೇಜಿನಲ್ಲಿ ಡಿಬೇಟ್ ಟೀಮಿನಲ್ಲಿದ್ದವಳು ನಾನು. ಎದುರಾಳಿ ದೇವರಾದರೂ ಪ್ರಶ್ನೆ ಕೇಳದೆ ಬಿಡುವ ಅಭ್ಯಾಸವಿಲ್ಲ.)

ಮೊದಲು ಲ್ಯಾಪ್‌ಟಾಪ್‌ನ ಪರಿಚಯ. ನಾನು ಕಾಲೇಜು ಸೇರಿದಾಗ ಕೊಂಡದ್ದು. ಈಗ ಅದು ಅವ್ವನದು. ಹಿಂಜ್ ಸಡಿಲ. ಬ್ಯಾಟರಿ ಹೆಸರಿಗಷ್ಟೇ. ಮೇಲಿನ ಸಾಲಿನ ಎಫ್-3 ಕೀ ಎಂದೋ ಕಿತ್ತುಹೋಗಿ, ಆ ಜಾಗ ಹಲ್ಲುದುರಿದ ಬಾಯಿಯಂತೆ ತೆರೆದೇ ಇದೆ. ಅಂಥದ್ದರಲ್ಲಿ ನನ್ನ ಅವ್ವ, ಐವತ್ತಮೂರರ ಪ್ರಾಯದಲ್ಲಿ, ಅಂಚೆ ಶಿಕ್ಷಣದ ಡಿಗ್ರಿಗಾಗಿ ಒಂದೇ ಬೆರಳಲ್ಲಿ ನಲವತ್ತು ಪುಟದ ಪ್ರಾಜೆಕ್ಟ್ ಟೈಪ್ ಮಾಡಿದ್ದಳು. ವಿಠ್ಠಲವಾಡಿ, ಕಲ್ಯಾಣದ ಕಡೆಯ ಅಜ್ಜಿಯರ ಮನೆಮನೆಗೆ ಹೋಗಿ ಬರೆದುಕೊಂಡ ಬೀಸುವ ಪದಗಳು, ಬೀಸುಕಲ್ಲಿನ ಹಾಡುಗಳು. ಮದುವೆಯಾಗಿ ಅರ್ಧಕ್ಕೆ ಬಿಟ್ಟ ಓದಿನ ಕೊನೆಯ ಮೆಟ್ಟಿಲು ಅದು. ಶನಿವಾರ ಸಂಜೆ ಐದರೊಳಗೆ ಅಪ್‌ಲೋಡ್ ಮಾಡಬೇಕು. ಇನ್ನೊಂದು ಕಾಪಿ ಎಲ್ಲೂ ಇಲ್ಲ.

(ಕಾಪಿ ಮಾಡಿಕೊಡುತ್ತೇನೆ ಎಂದು ಮೂರು ಭಾನುವಾರ ಹೇಳಿದವರು ಯಾರು ಎಂಬ ವಿಚಾರಣೆ ಇಲ್ಲಿ ಬೇಡ.)

ಪೂಜೆಯ ದಿನ ಅವ್ವ ಲ್ಯಾಪ್‌ಟಾಪನ್ನು ತೆರೆದೇ ಇಟ್ಟಳು. "ಮಾರಿ ಮುಚ್ಚಿಕೊಂಡು ಕುಂತವರಿಗೆ ಯಾರರ ಕುಂಕುಮ ಹಚ್ಚತಾರೇನು?" ಎಂಬುದು ಅವಳ ವಾದ. ಅಕ್ಷತೆ ತರುವ ಕೆಲಸ ನನ್ನದು. ತಂದೂ ಆಯಿತು. ಅವ್ವ ಕಣ್ಣು ಮುಚ್ಚಿ ಆರತಿ ಹಾಡುತ್ತಿದ್ದಾಗ ಬಾಗಿಲಲ್ಲೇ ನಿಂತು ಒಂದು ಹಿಡಿ ಎಸೆದೆ. ನಂಬಿಕೆಯಿಲ್ಲದವರ ಪೂಜೆ ದೂರದಿಂದಲೇ ನಡೆಯುತ್ತದೆ. ಆಮೇಲೆ ಆಫೀಸಿನ ಫಾರ್ಮ್ ಒಂದನ್ನು ತುಂಬಲು ಹತ್ತು ನಿಮಿಷ ಆ ಲ್ಯಾಪ್‌ಟಾಪನ್ನೇ ಬಳಸಿ, ಮುಚ್ಚಿಟ್ಟೆ.

ಮರುದಿನ ಅದು ಚಾಲೂ ಆಗಲಿಲ್ಲ. ಅಂದರೆ ಆಯಿತು, ಆದರೆ ಪಾಸ್‌ವರ್ಡ್ ಕೇಳುವ ಬದಲು ಕೀಂ ಕೀಂ ಎಂದು ಕೂಗಿ ನೀಲಿ ಬಣ್ಣದ ಸೆಟಪ್ ಪರದೆಗೆ ಹೋಗಿ ಕೂತಿತು. ಎಕ್ಸಿಟ್ ಒತ್ತಿದೆ. ರೀಸ್ಟಾರ್ಟ್ ಆಗಿ ಮತ್ತೆ ಅಲ್ಲಿಗೇ ಬಂತು. ಹನ್ನೊಂದು ಸಲ.

"ಹೇಳಿದ್ನಿಲ್ಲೋ?" ಎಂದಳು ಅವ್ವ. ಅಷ್ಟೇ. ಅಷ್ಟರಲ್ಲೇ ಎಲ್ಲ ಇತ್ತು.

ನಾನು ವೈಜ್ಞಾನಿಕವಾಗಿ ಮುಂದುವರಿದೆ. ವಿಡಿಯೋ ನೋಡಿ ಬ್ಯಾಟರಿ ತೆಗೆದು ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿದೆ. ಚಾರ್ಜರ್ ಬದಲಿಸಿದೆ. ಕೊನೆಗೆ ತೀರ್ಪು ಕೊಟ್ಟೆ: ಹಾರ್ಡ್ ಡಿಸ್ಕ್ ಸತ್ತಿದೆ. ವಯಸ್ಸು.

"ತೆಗದು ನೋಡಿದೇನು?"

"ಇಲ್ಲ. ಆದ್ರೂ ಹಂಡ್ರೆಡ್ ಪರ್ಸೆಂಟ್ ಅದೇ ಅವ್ವಾ."

"ಮತ್ತ ನನ್ನ ಮಾತಿಗೂ ನಿನ್ನ ಮಾತಿಗೂ ಫರಕೇನು? ಇಬ್ಬರೂ ಕಾಣದ್ದನ್ನ ನಂಬೀವಿ."

ಡಿಬೇಟಿನಲ್ಲಿ ಇಂಥ ಏಟಿಗೆ ಚಪ್ಪಾಳೆ ಬೀಳುತ್ತದೆ. ಮನೆಯಲ್ಲಿ ಅಪ್ಪ ನಕ್ಕರು, ಅದು ಇನ್ನೂ ಕೆಟ್ಟದ್ದು.

ಶುಕ್ರವಾರ ಇಬ್ಬರೂ ಘಣಸೋಲಿಗೆ ಹೊರಟೆವು. ಅಲ್ಲಿ ಸದಾನಂದಣ್ಣನ ಲ್ಯಾಪ್‌ಟಾಪ್ ರಿಪೇರಿ ಅಂಗಡಿಯಿದೆ. ಉಡುಪಿ ಕಡೆಯವರು. ತಮ್ಮ ಅಪ್ಪನ ಕಾಲದ ಹೋಟೆಲ್ ಬಿಟ್ಟು ಸ್ಕ್ರೂಡ್ರೈವರ್ ಹಿಡಿದವರು. ಅವ್ವ ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿ ಹಸುಗೂಸಿನಂತೆ ಎದೆಗವಚಿಕೊಂಡಿದ್ದಳು. ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿಯಲ್ಲಿ ಒಬ್ಬಾಕೆ ಗಡಬಡಿಸಿ ಎದ್ದು ಸೀಟು ಬಿಟ್ಟುಕೊಟ್ಟಳು. ಥಾಣೆಯಲ್ಲಿ ಗಾಡಿ ಬದಲಿಸುವಾಗಲೂ ಅವ್ವ ಅದನ್ನು ನನ್ನ ಕೈಗೆ ಕೊಡಲಿಲ್ಲ.

"ಎಂತ ಕಂಪ್ಲೇಂಟ್?" ಎಂದರು ಸದಾನಂದಣ್ಣ.

"ಹಾರ್ಡ್ ಡಿಸ್ಕ್ ಡೆಡ್," ಎಂದೆ ನಾನು.

"ಖಂಡೇಪೂಜಿ ದಿನ ಚಾಲೂ ಮಾಡಿದ್ಲು," ಎಂದಳು ಅವ್ವ.

ಅವರು ಇಬ್ಬರ ಮುಖವನ್ನೂ ನೋಡಿದರು. "ಎರಡು ಡಾಕ್ಟ್ರು ಮೊದಲೇ ನೋಡಿ ಆಗಿದೆ ಅಂತಾಯ್ತು. ಇನ್ನು ಪೇಷೆಂಟ್ ಹತ್ರ ಕೇಳುವ."

ಆನ್ ಮಾಡಿದರು. ಕೀಂ ಕೀಂ. ನೀಲಿ ಪರದೆ. ಅವರು ಹಾರ್ಡ್ ಡಿಸ್ಕಿನ ಕಡೆ ನೋಡಲೇ ಇಲ್ಲ. ಕೀಬೋರ್ಡಿನ ಮೇಲಿನ ಸಾಲಿನ ಮೇಲೆ ಬೆರಳಾಡಿಸಿ, ಒಂದು ಕಡೆ ನಿಂತರು.

"ಇದರಲ್ಲಿ ಎಫ್-2 ಅಂದ್ರೆ ಸೆಟಪ್ಪಿಗೆ ಹೋಗುವ ಕೀ. ಅದು ಒತ್ತಿಕೊಂಡೇ ಉಂಟು ಮಾರಾಯ್ರೆ. ಆನ್ ಆಗುವಾಗ ಯಾರೋ ಒತ್ತಿದ್ದಾರೆ ಅಂತ ಅದು ಸೆಟಪ್ಪಿಗೆ ಹೋಗ್ತದೆ. ಪಾಪ, ಹೇಳಿದ ಹಾಗೆ ಕೇಳ್ತಾ ಉಂಟು."

ಚಿಮಟ ತಂದರು. ಎಫ್-3ರ ಖಾಲಿ ಜಾಗದೊಳಗೆ ಇಳಿಸಿ, ಎಫ್-2ರ ಬದಿಯಿಂದ ಏನನ್ನೋ ಎಳೆದರು. ಟಕ್ ಎಂದು ಕೀ ಮೇಲೆದ್ದಿತು. ಮತ್ತೆ ಆನ್ ಮಾಡಿದರು. ಪಾಸ್‌ವರ್ಡ್ ಕೇಳಿತು. ಅವ್ವ ಒಂದೇ ಬೆರಳಲ್ಲಿ ಒತ್ತಿದಳು. ನಲವತ್ತು ಪುಟವೂ ಇದ್ದವು. ಅವಳು ಕೊನೆಯ ಪುಟದವರೆಗೆ ಇಳಿಸಿ ನೋಡಿ, ಟವೆಲಿನಿಂದಲೇ ಕಣ್ಣೊರೆಸಿಕೊಂಡಳು. ನಾನು ಮೊದಲು ಒಂದು ಕಾಪಿಯನ್ನು ಪೆನ್‌ಡ್ರೈವ್‌ಗೆ ಹಾಕಿದೆ. ನಾಲ್ಕನೇ ಭಾನುವಾರ ಶುಕ್ರವಾರವೇ ಬಂದಿತ್ತು.

"ಆದ್ರೆ ಇದೆಂತದು?" ಸದಾನಂದಣ್ಣ ಚಿಮಟದ ತುದಿಯನ್ನು ಬೆಳಕಿಗೆ ಹಿಡಿದರು. "ಹಳದಿ ಗುಂಡು. ಮಾತ್ರೆಯಾ?"

ಜೋಳದ ಕಾಳು. ಅರಿಸಿನ ಹಚ್ಚಿದ್ದು.

"ಅಕ್ಷತಿ," ಎಂದಳು ಅವ್ವ.

"ಅಕ್ಷತೆ ಅಂದ್ರೆ ಅಕ್ಕಿ ಅಲ್ವಾ ಅಮ್ಮ? ಜೋಳ ಎಂತಕ್ಕೆ?"

"ನಮ್ಮ ಕಡೆ ಮದುವ್ಯಾಗ ಜೋಳದ್ದs ತಮ್ಮಾ."

ಮದುವೆಯಲ್ಲಿ. ನಾನು ಸಿಕ್ಕಿಬಿದ್ದದ್ದು ಈ ಪದಕ್ಕೆ. ಯಾಕೆಂದರೆ ನಮ್ಮ ಮನೆಯ ದೇವರ ಪೂಜೆಗೆ ಅವ್ವ ಕಲಸುವುದು ಅಕ್ಕಿಯ ಅಕ್ಷತೆ. ಅದರ ಬಟ್ಟಲು ಅಡುಗೆಮನೆಯ ಮೇಲಿನ ಕಪಾಟಿನಲ್ಲಿರುತ್ತದೆ. ಸ್ಟೂಲ್ ಹಾಕಿ ಹತ್ತಬೇಕು. ಮೇ ತಿಂಗಳಲ್ಲಿ ಕಲ್ಯಾಣದಲ್ಲಿ ನಡೆದ ಅಕ್ಕನ ಮದುವೆಯಲ್ಲಿ (ದೊಡ್ಡಪ್ಪನ ಮಗಳು) ಹಂಚಿದ ಜೋಳದ ಅಕ್ಷತೆಯ ಪೊಟ್ಟಣ ಮಾತ್ರ, ವಧೂವರರ ಮೇಲೆ ಬೀಳದೆ, ನನ್ನ ಹ್ಯಾಂಡ್‌ಬ್ಯಾಗಿನಲ್ಲೇ ಉಳಿದಿತ್ತು. ಕೈಗೆಟಕುವ ದೂರದಲ್ಲಿ. ನಾನು ಸ್ಟೂಲ್ ಹತ್ತಲಿಲ್ಲ.

ಅಕ್ಕಿಯ ಕಾಳು ಬಿದ್ದಲ್ಲೇ ಮಲಗುತ್ತದೆ. ಜೋಳ ಉರುಳುತ್ತದೆ. ಉರುಳಿ ಎಫ್-3ರ ಗುಂಡಿಗೆ ಬಿದ್ದಿದೆ. ನಾನು ಲಿಡ್ ಮುಚ್ಚಿದಾಗ ಎಫ್-2ರ ಪಕ್ಕ ಸಿಕ್ಕಿಕೊಂಡಿದೆ. ಕಾರಣ, ಪರಿಣಾಮ, ಸಾಕ್ಷಿ, ಎಲ್ಲ ಸರಿಯಾಗಿದೆ. ಇಷ್ಟು ಕ್ಲೀನ್ ಆದ ಕೇಸ್ ನಾನು ಡಿಬೇಟಿನಲ್ಲೂ ಕಂಡಿಲ್ಲ. ಆರೋಪಿಯ ಜಾಗದಲ್ಲಿ ನಾನಿರುವುದೊಂದೇ ತೊಡಕು.

ಅವ್ವ ಕಾಳನ್ನು ನೋಡಿದಳು. ನನ್ನ ಹ್ಯಾಂಡ್‌ಬ್ಯಾಗನ್ನು ನೋಡಿದಳು. ನಾನು ವಾದಕ್ಕೆ ಸಿದ್ಧಳಾದೆ. ಅವಳು ಆ ಕಾಳನ್ನು ಕಾಗದದಲ್ಲಿ ಮಡಚಿ ತನ್ನ ಪರ್ಸಿಗೆ ಹಾಕಿಕೊಂಡಳು.

ಘಣಸೋಲಿ ಸ್ಟೇಷನ್ನಿನಲ್ಲಿ ಗಾಡಿ ಕಾಯುವಾಗ ವಿಜಯಪುರದಿಂದ ಚಿಕ್ಕವ್ವನ ಫೋನ್ ಬಂತು. ಏನಾಗಿತ್ತಂತೆ ಎಂದು ಕೇಳಿರಬೇಕು.

"ಏನಿಲ್ಲವಾ, ದುರಸ್ತ ಆತು," ಎಂದಳು ಅವ್ವ, ನನ್ನ ಕಡೆ ತಿರುಗದೆ. "ಅದs, ಖಂಡೇಪೂಜಿ ದಿನ ಚಾಲೂ ಮಾಡಿದ್ಲಲ್ಲ, ಅದಕ್ಕs."

ಶನಿವಾರ ಮಧ್ಯಾಹ್ನವೇ ಪ್ರಾಜೆಕ್ಟ್ ಅಪ್‌ಲೋಡ್ ಆಯಿತು. ಚಿಕ್ಕವ್ವನ ನಂತರ ದೊಡ್ಡಮ್ಮ, ನಮ್ಮ ಸೊಸೈಟಿಯ ನೆರೆಮನೆ ಕಾಕು, ಕಲ್ಯಾಣದ ಮಾವ, ಎಲ್ಲರಿಗೂ ಅವ್ವ ಇದೇ ಕಥೆ ಹೇಳಿದ್ದಾಳೆ. ಜೋಳದ ಸುದ್ದಿ ಯಾರಿಗೂ ಗೊತ್ತಿರಲಿಲ್ಲ, ಇವತ್ತು ನಿಮಗೆ ಹೇಳುವವರೆಗೆ.

ವಾರವಿಡೀ ಕಾದು, ನಿನ್ನೆ ಸಂಜೆ ಅವಳು ಅವರೆಕಾಯಿ ಬಿಡಿಸುತ್ತ ಕೂತಿದ್ದಾಗ ಕೇಳಿಯೇಬಿಟ್ಟೆ. ಅವಳು ಮುಂದಿನ ಕಾಯಿ ಕೈಗೆತ್ತಿಕೊಂಡಳು. ಅವಳು ಈ ಅಂಕಣ ಓದುತ್ತಾಳೆ, ಹಾಗಾಗಿ ಇಲ್ಲಿ ಇನ್ನೊಮ್ಮೆ ಕೇಳುತ್ತೇನೆ:

ಅವ್ವಾ, ಆ ಕಾಳನ್ನು ಕಣ್ಣಾರೆ ಕಂಡ ಮೇಲೂ ಹಳೇ ಕಥೆಯನ್ನೇ ಹೇಳುತ್ತಿದ್ದೀಯಲ್ಲ, ನೀನು ಕಾಪಾಡುತ್ತಿರುವುದು ದೇವರನ್ನೋ, ನನ್ನನ್ನೋ?