ತುಳಸಿ ಹಾಕಿ ತಂದ ನೀರು

ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಸಂಶೋಧನೆಗೆ ಸಿಕ್ಕಿದ್ದ ಸೀಟು ಬಿಟ್ಟು ಕಾನೂನು ಓದಿದೆ. ಪ್ರಯೋಗಾಲಯದಲ್ಲಿ ತಿಳಿದದ್ದು ಹೊರಗಿನವರ ಉಪಯೋಗಕ್ಕೆ ಬರಬೇಕು ಎಂದು ಕಾರಣ ಹೇಳುತ್ತಿದ್ದೆ. ಈಗ ಹಾಗೆ ಹೇಳುವುದನ್ನು ಬಿಟ್ಟಿದ್ದೇನೆ.

ಬೆಳಗಾವಿಯ ಅನಗೋಳದಲ್ಲಿ ಹಿರಿಯ ವಕೀಲರೊಬ್ಬರ ಕಚೇರಿ ಸೇರಿದ ವರ್ಷ ಖಾನಾಪುರದಿಂದ ಒಬ್ಬ ಹೆಣ್ಣುಮಗಳು ಬಂದಳು. ಅವಳ ಬಾವಿಯ ಮಗ್ಗುಲಲ್ಲಿ ಕಬ್ಬಿಣದ ಸಾಮಾನಿಗೆ ಹೊಳಪಿನ ಲೇಪ ಹಾಕುವ ಸಣ್ಣ ಕಾರ್ಖಾನೆ ಶುರುವಾಗಿತ್ತು. ಬೇಸಿಗೆಯಲ್ಲಿ ಬಾವಿನೀರು ಹಳದಿಯಾಗುತ್ತಿತ್ತು. ಕಾರ್ಖಾನೆಯ ಹೊಲಸು ನೀರು ತಡೆಯಬೇಕೆಂದು ಖಾನಾಪುರದ ಕೋರ್ಟಿನಲ್ಲಿ ದಾವೆ ಹಾಕಿದೆವು. ನಾನು ಕೆಮಿಸ್ಟ್ರಿ ಓದಿದವಳೆಂದು ಗೊತ್ತಾದ ಮೇಲೆ ಅವಳು ಹಿರಿಯರ ಕಡೆ ನೋಡಿ ಮಾತಾಡುವುದನ್ನೇ ಬಿಟ್ಟಳು.

ಏಪ್ರಿಲ್‌ನಲ್ಲಿ, ಪರೀಕ್ಷೆಗೆಂದು ಒಂದು ಬಾಟಲಿ ನೀರು ತಂದಳು. ಒಳಗೆ ತುಳಸಿ ಎಲೆಗಳು ತೇಲುತ್ತಿದ್ದವು.

“ಇದೇನ್ರಿ?”

“ನಿಮಗ ಕೊಡೂದಲ್ರೀ ಬಾಯಾರ, ಹೊಲಸ ನೀರ ಹಂಗ ಹ್ಯಾಂಗ ತರೂದು? ಕುದಿಸಿ, ಸೋಸಿ, ತುಳಸಿ ಹಾಕೇನಿ.”

ಹಿರಿಯರು ನಕ್ಕರು. “ಇದ ಸಾಕ್ಷಿನೋ, ತೀರ್ಥನೋ?”

ನಾಳೆ ನಾನೇ ಹೋಗಿ ನೀರು ತೆಗೆದು ತರುತ್ತೇನೆ ಎಂದೆ. ಅವರ ನಗು ನಿಂತಿತು.

“ನೀ ನೀರ ತಗದ್ರ ನೀ ಸಾಕ್ಷಿ ಆಗ್ತಿ. ಸಾಕ್ಷಿ ಆದಾಕಿಗೆ ಕರಿಕೋಟ ಹಾಕ್ಕೊಂಡು ಇದ ಕೇಸಿನ್ಯಾಗ ವಾದ ಮಾಡಾಕ ಬರೂದಿಲ್ಲ. ಯಾವದರೆ ಒಂದಾಗು.”

ಅದು ನಾನು ವಾದಿಸಬೇಕಿದ್ದ ಮೊದಲ ಕೇಸು. ಕೋಟನ್ನೇ ಆರಿಸಿಕೊಂಡೆ.

ಬೇರೆ ಪರಿಣತರನ್ನು ಹುಡುಕಿದೆ. ಕೋರ್ಟು ಎಂದೊಡನೆ ಹಿಂದೆ ಸರಿದರು. ನ್ಯಾಯಾಲಯವೇ ತನ್ನ ಕಡೆಯಿಂದ ಒಬ್ಬ ಕಮಿಷನರನ್ನು ನೇಮಿಸಿ ಕಳಿಸಿ ನೀರು ತೆಗೆಸಲಿ ಎಂದು ಅರ್ಜಿ ಹಾಕಿದೆವು. ತಕರಾರು ಸಲ್ಲಿಸಲು ಎದುರಿನವರು ಮತ್ತೆ ಮತ್ತೆ ವೇಳೆ ಕೇಳಿದರು. ಆದೇಶ ಬಂದದ್ದು ಜುಲೈನಲ್ಲಿ. ಖಾನಾಪುರದ ಮಳೆಗೆ ಬಾವಿ ಕಟ್ಟೆಯವರೆಗೆ ತುಂಬಿತ್ತು. ಅಷ್ಟು ನೀರಿನಲ್ಲಿ ಯಾವ ವಿಷವೂ ತೆಳುವಾಗುತ್ತದೆ. ನೀರು ಕುಡಿಯಲು ಯೋಗ್ಯವೆಂದು ವರದಿ ಬಂತು. ಬೇಸಿಗೆಯಲ್ಲಿ ಇನ್ನೊಮ್ಮೆ ಪರೀಕ್ಷೆಯಾಗಬೇಕು, ಮಳೆಯಿಂದ ಹೀಗಾಗಿದೆ ಎಂದು ವಾದಿಸಿದೆ.

“ಬಾಯಾರು ವಾದ ಮಾಡಾಕತ್ತಾರೋ, ಸಾಕ್ಷಿ ಹೇಳಾಕತ್ತಾರೋ?” ಎಂದರು ಎದುರಿನ ವಕೀಲರು. ತಡೆಯಾಜ್ಞೆ ಸಿಗಲಿಲ್ಲ.

ಅವಳು ಕೋರ್ಟಿನ ಬಾಗಿಲ ಹೊರಗೆ ಕಾಯುತ್ತಿದ್ದಳು.

“ನೀರ ಚಲೋ ಐತಿ ಅಂತ ಬಂತಂತಲ್ರೀ. ಹಂಗಾರ ಕುಡೀಬಹುದೇನ್ರಿ?”

“ಬ್ಯಾಡ್ರಿ. ಬ್ಯಾಸಗಿ ಬಂದ್ರ ಮತ್ತ ಕೆಡತೈತಿ.”

“ಖರೇ?”

“ಖರೇರಿ.”

“ಮತ್ತ ಇದನ್ನ ಒಳಗ ಯಾಕ ಹೇಳಲಿಲ್ರೀ?”

ಹೇಳಿದ್ದೆ. ನನ್ನ ಮಾತು ಲೆಕ್ಕಕ್ಕೆ ಬಾರದ ಜಾಗದಲ್ಲಿ ನಿಂತು ಹೇಳಿದ್ದೆ. ಓಣಿಯ ನಳಕ್ಕೆ ನೀರು ಬರುವ ಹೊತ್ತಾಯಿತೆಂದು ಅವಳು ಸೆರಗು ಬಿಗಿದುಕೊಂಡು ಹೊರಟಳು.